ಕುರಿಯನ್ನು ಕೇಳಿಯೇ ಮಸಾಲೆ ಅರೆಯಬೇಕಿತ್ತು

ಬೀದರ್ ಜಿಲ್ಲೆಯ ಔರಾದ್ ಕಡೆಯ ಒಬ್ಬ ತೊಗರಿ ರೈತನನ್ನು ಊಹಿಸಿಕೊಳ್ಳಿ. ರಾತ್ರಿ ನೆಲದ ಮೇಲೆ ಮಲಗಿದ್ದಾಗ ಕಟ್ಟುಹಾವು ಕಚ್ಚಿದೆ. ಇಲ್ಲವೇ ಹೊಲಕ್ಕೆ ಹೊಡೆಯುವ ಎಣ್ಣೆ ಹೊಟ್ಟೆ ಸೇರಿದೆ. ಇಲ್ಲವೇ ಭಾಲ್ಕಿ ರಸ್ತೆಯಲ್ಲಿ ಬೈಕು ಉರುಳಿ ತಲೆಗೆ ಪೆಟ್ಟಾಗಿದೆ. ಯಾವುದಾದರೂ ಇರಲಿ, ತಾನಾಗಿ ಉಸಿರಾಡುವ ಶಕ್ತಿ ಹೋಗಿದೆ. ಬಾಯಿಂದ ಗಂಟಲೊಳಕ್ಕೆ ಕೊಳವೆ ಇಳಿಸಿ ವೆಂಟಿಲೇಟರ್‌ಗೆ ಹಾಕಿದ್ದಾರೆ. ಹದಿನೈದು ದಿನದ ಮೇಲೆ ಮನುಷ್ಯ ಎದ್ದು ಕೂತ. ಮನೆಯವರು ಅಮರೇಶ್ವರನಿಗೆ ಕಾಯಿ ಒಡೆಸಿದರು. ಒಂದೂವರೆ ತಿಂಗಳು ಕಳೆಯಿತು. ಹೊಲದ ದಾರಿ ತುಳಿದರೆ ಏದುಸಿರು. ಆಮೇಲೆ ಕೂತಲ್ಲೇ, ಉಸಿರೆಳೆದಾಗೆಲ್ಲ ಗಂಟಲಲ್ಲಿ ಸಿಳ್ಳಿನಂಥ ಸದ್ದು. "ದಮ್ ಹತ್ತಲತದ್ರಿ ಸಾಬ್ರೆ" ಎಂದು ಹತ್ತಿರದ ಡಾಕ್ಟರ ಬಳಿ ಹೋದರೆ ಅಸ್ತಮಾ ಎಂದು ಪಂಪು ಬರೆದುಕೊಟ್ಟರು. ದಮ್ಮು ಪಂಪಿಗೆ ಜಗ್ಗಲಿಲ್ಲ. ಕೊನೆಗೆ ದೊಡ್ಡ ಊರಿನಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು: ಶ್ವಾಸಕೋಶ ಚೆನ್ನಾಗಿಯೇ ಇದೆ, ಅದಕ್ಕೆ ಗಾಳಿ ಒಯ್ಯುವ ಶ್ವಾಸನಾಳ ಕತ್ತಿನ ಬುಡದಲ್ಲಿ ಐದು ಮಿಲಿಮೀಟರಿಗೆ ಇಳಿದಿದೆ.

ಈ ರೈತ ಕಲ್ಪಿತ. ಅವನ ಕಾಯಿಲೆ ಮಾತ್ರ, ತೀವ್ರ ನಿಗಾ ಘಟಕ ಇರುವ ಯಾವ ಊರಿಗೂ ಹೊಸದಲ್ಲ. ಕೋವಿಡ್ ಕಾಲದಲ್ಲಿ ವಾರಗಟ್ಟಲೆ ವೆಂಟಿಲೇಟರ್ ಮೇಲಿದ್ದು ಬದುಕಿ ಬಂದವರಲ್ಲಿ ಕೆಲವರಿಗೆ ಇದೇ ಆಯಿತು. ಜೀವ ಉಳಿಸಲು ಇಳಿಸಿದ ಕೊಳವೆಯ ತುದಿಯಲ್ಲಿ ಒಂದು ಪುಟ್ಟ ಬಲೂನು ಇರುತ್ತದೆ. ವೈದ್ಯರು ಅದನ್ನು ಕಫ್ ಎನ್ನುತ್ತಾರೆ. ಗಾಳಿ ಪಕ್ಕದಿಂದ ಸೋರದಿರಲಿ, ಬಾಯಿಯ ನೀರು ಶ್ವಾಸಕೋಶಕ್ಕೆ ಇಳಿಯದಿರಲಿ ಎಂದು ಅದನ್ನು ಉಬ್ಬಿಸುತ್ತಾರೆ. ಅದರೊಳಗಿನ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದಲ್ಲಿರಬೇಕು. 30 ದಾಟಿದರೆ ಶ್ವಾಸನಾಳದ ಒಳಪದರದ ಸೂಕ್ಷ್ಮ ರಕ್ತನಾಳಗಳು ಅದುಮಿಹೋಗತೊಡಗುತ್ತವೆ. 50ರ ಹೊತ್ತಿಗೆ ಅಲ್ಲಿ ರಕ್ತ ಹರಿಯುವುದೇ ನಿಲ್ಲುತ್ತದೆ. ರಕ್ತ ಸಿಗದ ಜಾಗ ಸಾಯುತ್ತದೆ, ಹುಣ್ಣಾಗುತ್ತದೆ, ಕೆಳಗಿನ ಮೃದ್ವಸ್ಥಿಯ ಉಂಗುರವೂ ಕರಗುತ್ತದೆ. ಕೊಳವೆ ತೆಗೆದ ಮೇಲೆ ಹುಣ್ಣು ಮಾಯುತ್ತದೆ. ಆದರೆ ಮಾಯುವಾಗ ಕಲೆಗಟ್ಟಿ ಸುತ್ತಲಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುವುದರಿಂದಲೇ ರೋಗಿ ಮೊದಲು ಗುಣವಾಗಿ ಮನೆಗೆ ಹೋಗಿ ಆಮೇಲೆ ಮತ್ತೆ ಬರುತ್ತಾನೆ. ಬಂದಾಗ ವೆಂಟಿಲೇಟರಿನ ಕಥೆ ಅವನೂ ಹೇಳುವುದಿಲ್ಲ, ಡಾಕ್ಟರೂ ಕೇಳುವುದಿಲ್ಲ.

ವಯಸ್ಕರ ಶ್ವಾಸನಾಳ ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದ, ಎರಡು ಸೆಂಟಿಮೀಟರ್ ಆಸುಪಾಸು ಅಗಲ. ಅದು ಎಂಟು ಮಿಲಿಮೀಟರಿಗೆ ಇಳಿಯುವವರೆಗೂ ಕೂತ ಮನುಷ್ಯನಿಗೆ ಏನೂ ಅನ್ನಿಸುವುದಿಲ್ಲ; ಓಡಾಡಿದರೆ ಮಾತ್ರ ಏದುಸಿರು. ಐದಕ್ಕೆ ಇಳಿದರೆ ಸುಮ್ಮನೆ ಕೂತರೂ ಸಿಳ್ಳು. ನಡುವೆ ಇಷ್ಟು ಬೇಗ ಕೆಡುವುದಕ್ಕೆ ಭೌತಶಾಸ್ತ್ರದ ಒಂದು ನಿಯಮ ಕಾರಣ. ಕೊಳವೆಯ ಅಗಲ ಅರ್ಧವಾದರೆ ಅದರಲ್ಲಿ ಹರಿವಿಗೆ ಬರುವ ತಡೆ ದುಪ್ಪಟ್ಟಾಗಿ ನಿಲ್ಲುವುದಿಲ್ಲ, ಹದಿನಾರು ಪಟ್ಟಾಗುತ್ತದೆ. ಗಾಳಿ ಸುಳಿಸುಳಿಯಾಗಿ ನುಗ್ಗುವ ಶ್ವಾಸನಾಳದಲ್ಲಿ ಅದಕ್ಕಿಂತಲೂ ಹೆಚ್ಚು.

ಇದಕ್ಕೆ ಮದ್ದಿಲ್ಲವೆಂದಲ್ಲ. ಸಣ್ಣಗಾದ ಜಾಗವನ್ನು ಒಳಗಿನಿಂದ ಹಿಗ್ಗಿಸಬಹುದು, ಲೇಸರ್‌ನಿಂದ ಕಲೆಯನ್ನು ಸೀಳಬಹುದು. ಎಲ್ಲಕ್ಕಿಂತ ಒಳ್ಳೆಯದು, ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು ಮೇಲಿನ ತುದಿಯನ್ನು ಕೆಳಗಿನ ತುದಿಗೆ ಹೊಲಿಯುವುದು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಹರ್ಮಿಸ್ ಗ್ರಿಲ್ಲೊ ಈ ಶಸ್ತ್ರಚಿಕಿತ್ಸೆಯನ್ನು ಹದಕ್ಕೆ ತಂದವರು. ಆದರೆ ಶ್ವಾಸನಾಳವನ್ನು ಎಳೆದು ಜೋಡಿಸುವುದಕ್ಕೂ ಒಂದು ಮಿತಿ ಇದೆ. ದೊಡ್ಡವರಲ್ಲಿ ಹೆಚ್ಚೆಂದರೆ ಅರ್ಧ ಉದ್ದ, ಮಕ್ಕಳಲ್ಲಿ ಮೂರನೇ ಒಂದು ಭಾಗ. ಅದಕ್ಕಿಂತ ಹೆಚ್ಚು ಕೆಟ್ಟಿದ್ದರೆ ಕತ್ತಿನಲ್ಲಿ ರಂಧ್ರ ಮಾಡಿ ಸಿಲಿಕೋನಿನ ಟಿ-ಟ್ಯೂಬ್ ಕೂರಿಸುತ್ತಾರೆ. ಅದನ್ನು ದಿನಾ ಶುಚಿ ಮಾಡಬೇಕು, ಕಫ ಗಟ್ಟಿಯಾಗಿ ಮುಚ್ಚಿಕೊಳ್ಳದಂತೆ ಕಾಯಬೇಕು. ತೊಗರಿ ರಾಶಿ ಮಾಡುವ ಧೂಳಿನ ಕಣದಲ್ಲಿ ಅದನ್ನು ಹಾಕಿಕೊಂಡು ಬದುಕುವುದೆಂದರೆ ಹೇಗೆಂದು ರೈತ ಕುಟುಂಬಗಳಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿಯೇ ಹೊಸದೊಂದು ಶ್ವಾಸನಾಳವನ್ನೇ ಬೆಳೆಸಿ ಕೊಡಲಾಗದೇ ಎಂಬ ಆಸೆ ಹುಟ್ಟಿದ್ದು. ಹೃದಯ, ಯಕೃತ್ತು, ಮೂತ್ರಪಿಂಡಗಳನ್ನೇ ಬದಲಿಸುವ ಕಾಲದಲ್ಲಿ ಗಾಳಿ ಹೋಗುವ ಒಂದು ಕೊಳವೆ ಯಾವ ಲೆಕ್ಕ ಎಂದು ಯಾರಿಗಾದರೂ ಅನ್ನಿಸುತ್ತದೆ. ಅನೇಕ ಶಸ್ತ್ರವೈದ್ಯರಿಗೂ ಹಾಗೇ ಅನ್ನಿಸಿತ್ತು. ಲೋಹದಲ್ಲಿ, ಪ್ಲಾಸ್ಟಿಕ್ಕಿನಲ್ಲಿ, ಸಿಲಿಕೋನಿನಲ್ಲಿ ಮಾಡಿ ನೋಡಿ ಸೋತರು. ಯಾಕೆ ಸೋತರು ಎಂಬುದರಲ್ಲೇ ಈ ವಿದ್ಯೆಯ ಜೀವಾಳ ಇದೆ.

ಶ್ವಾಸನಾಳದ ಗೋಡೆಯಲ್ಲಿ ಹದಿನಾರರಿಂದ ಇಪ್ಪತ್ತು ಮೃದ್ವಸ್ಥಿಯ ಉಂಗುರಗಳು ಒಂದರ ಕೆಳಗೊಂದು ಇರುತ್ತವೆ. ಯಾವ ಉಂಗುರವೂ ಪೂರ್ತಿಯಲ್ಲ. ಹಿಂದೆ, ಅನ್ನನಾಳ ಇರುವ ಕಡೆ ತೆರೆದಿರುತ್ತದೆ, ಅಲ್ಲಿ ಸ್ನಾಯು. ಉಂಗುರಗಳಿರುವುದರಿಂದ ಜೋರಾಗಿ ಉಸಿರೆಳೆದಾಗ ನಾಳ ಒಳಕ್ಕೆ ಕುಸಿಯುವುದಿಲ್ಲ. ಹಿಂದೆ ತೆರೆದಿರುವುದರಿಂದ ಕೆಮ್ಮುವಾಗ ಕುಗ್ಗಿ ಕಫವನ್ನು ಹೊರಕ್ಕೆ ಚಿಮ್ಮುತ್ತದೆ. ಒಳಗಿನ ಪದರದ ಮೇಲೆ ಕಣ್ಣಿಗೆ ಕಾಣದ ರೋಮಗಳಿವೆ. ಸೆಕೆಂಡಿಗೆ ಹತ್ತು ಹದಿನೈದು ಸಲ ಬಡಿಯುತ್ತ, ಧೂಳು ರೋಗಾಣು ಸೇರಿದ ಲೋಳೆಯನ್ನು ಮೇಲಕ್ಕೆ, ಗಂಟಲಿನತ್ತ, ಹಗಲು ರಾತ್ರಿ ತಳ್ಳುತ್ತಲೇ ಇರುತ್ತವೆ. ಬರೀ ಪ್ಲಾಸ್ಟಿಕ್ ಕೊಳವೆ ಕೂರಿಸಿದರೆ ಈ ಸಾಗಣೆ ಅಲ್ಲಿಗೆ ನಿಂತಂತೆ. ಲೋಳೆ ಮಡುಗಟ್ಟುತ್ತದೆ, ಸೋಂಕು ಹತ್ತುತ್ತದೆ, ಹೊಲಿದ ತುದಿಗಳಲ್ಲಿ ದುರ್ಮಾಂಸ ಬೆಳೆದು ದಾರಿ ಮತ್ತೆ ಮುಚ್ಚುತ್ತದೆ. ಶ್ವಾಸನಾಳದ ಒಳಭಾಗ ಹೊರಗಿನ ಗಾಳಿಗೆ, ರೋಗಾಣುಗಳಿಗೆ ಸದಾ ತೆರೆದ ಜಾಗ. ಕೃತಕ ಹೃದಯ ಕವಾಟಕ್ಕೆ ಇಲ್ಲದ ಕಷ್ಟ ಇದು.

ಸತ್ತವರ ಶ್ವಾಸನಾಳವನ್ನೇ ತಂದು ಹಾಕಬಹುದಲ್ಲ? ಅದಕ್ಕೆ ರಕ್ತದ ಪ್ರಶ್ನೆ ಅಡ್ಡ ಬರುತ್ತದೆ. ಮೂತ್ರಪಿಂಡಕ್ಕೆ ಒಂದು ದಪ್ಪ ಅಪಧಮನಿ ಇದೆ; ಅದನ್ನು ಹೊಲಿದರೆ ಅಂಗಕ್ಕೆ ರಕ್ತ ಸಿಕ್ಕಿತು. ಶ್ವಾಸನಾಳಕ್ಕೆ ಹಾಗೆ ಕೈಗೆ ಸಿಗುವ ಒಂದು ರಕ್ತನಾಳವೇ ಇಲ್ಲ. ಥೈರಾಯ್ಡಿನ ಕಡೆಯಿಂದ, ಎದೆಯ ಕಡೆಯಿಂದ ಬರುವ ಕೂದಲೆಳೆಯ ಕವಲುಗಳು ತುಂಡು ತುಂಡಾಗಿ ಪಕ್ಕದಿಂದ ಹೊಕ್ಕು ರಕ್ತ ಒದಗಿಸುತ್ತವೆ. ಮೃದ್ವಸ್ಥಿಯ ಒಳಗಂತೂ ರಕ್ತನಾಳವೇ ಇಲ್ಲ. ಹೊರ ಪದರದಿಂದ ಒಸರಿ ಬಂದದ್ದರಲ್ಲೇ ಅದರ ಜೀವಕೋಶಗಳು ಬದುಕಬೇಕು. ಮುರಿದ ಮೂಳೆ ಕೂಡುತ್ತದೆ, ಮುರಿದ ಮೃದ್ವಸ್ಥಿ ತಾನಾಗಿ ಕೂಡುವುದಿಲ್ಲ. ಕಾರಣ ಇದೇ.

ಇನ್ನು ಬೆಳೆಸುವ ಬಗೆ. ಕಿವಿಯಿಂದಲೋ ಮೂಗಿನ ನಡುಗೋಡೆಯಿಂದಲೋ ಪಕ್ಕೆಲುಬಿನ ತುದಿಯಿಂದಲೋ ಕಡಲೆಕಾಳಿನಷ್ಟು ಮೃದ್ವಸ್ಥಿ ತೆಗೆಯುತ್ತಾರೆ. ಕಿಣ್ವ ಹಾಕಿ ಅದರ ಕಾಲಜನ್ ಬಂಧ ಬಿಡಿಸಿದರೆ ಒಳಗಿದ್ದ ಜೀವಕೋಶಗಳು ಬೇರೆಯಾಗುತ್ತವೆ. 37 ಡಿಗ್ರಿ ಶಾಖದಲ್ಲಿ, ಪೋಷಕ ದ್ರವದಲ್ಲಿ ಇಟ್ಟರೆ ಅವು ದ್ವಿಗುಣಗೊಳ್ಳುತ್ತ ಹೋಗುತ್ತವೆ. ಇಲ್ಲೊಂದು ವಿಚಿತ್ರ ಇದೆ. ಚಪ್ಪಟೆ ಗಾಜಿನ ಮೇಲೆ ಬಹಳ ದಿನ ಬೆಳೆದ ಮೃದ್ವಸ್ಥಿ ಕೋಶ ತನ್ನ ಕಸುಬನ್ನೇ ಮರೆಯುತ್ತದೆ. ಎರಡನೇ ಬಗೆಯ ಕಾಲಜನ್ ನೇಯುವುದನ್ನು ಬಿಟ್ಟು, ಗಾಯದ ಕಲೆಯಲ್ಲಿ ಇರುವಂಥ ಒಂದನೇ ಬಗೆಯದನ್ನು ನೇಯತೊಡಗುತ್ತದೆ. ಸಂಖ್ಯೆ ಹೆಚ್ಚಿತು, ಗುಣ ಹೋಯಿತು. ಅದನ್ನು ಮತ್ತೆ ದಾರಿಗೆ ತರಬೇಕಾದರೆ ಎಲ್ಲ ದಿಕ್ಕಿನಿಂದಲೂ ಆಸರೆ ಕೊಡುವ ಒಂದು ಹಂದರ ಬೇಕು, ಜೊತೆಗೆ ಬೆಳವಣಿಗೆಯ ಪ್ರೋಟೀನುಗಳು ಬೇಕು.

ಹೀರೆ ಬಳ್ಳಿಗೆ ಹಾಕುವ ಹಂದರದ ಕೆಲಸವೇ ಇದರದೂ. ಬಳ್ಳಿ ಎತ್ತ ಹಬ್ಬಬೇಕೆಂದು ಹಂದರ ಹೇಳುತ್ತದೆ. ವ್ಯತ್ಯಾಸವೆಂದರೆ ಈ ಹಂದರ ಬಳ್ಳಿ ಬಲಿತ ಹೊತ್ತಿಗೆ ಸರಿಯಾಗಿ ಕರಗಿ ಹೋಗಬೇಕು. ಬೇಗ ಕರಗಿದರೆ ಕೊಳವೆ ಕುಸಿದು ಉಸಿರು ಕಟ್ಟುತ್ತದೆ. ತಡವಾದರೆ ದೇಹ ಅದನ್ನು ಪರಕೀಯವೆಂದು ಮುತ್ತಿ ಊದಿಕೊಳ್ಳುತ್ತದೆ. ಕರಗುವ ಹೊಲಿಗೆ ದಾರದ ಪಾಲಿಗ್ಲೈಕೋಲಿಕ್ ಆಮ್ಲ ವಾರಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪಾಲಿಮರ್ ಎರಡು ಮೂರು ವರ್ಷ ನಿಲ್ಲುತ್ತದೆ. ಹಂದರದ ರಂಧ್ರಗಳ ಅಳತೆಯೂ ಮುಖ್ಯ. ರಕ್ತನಾಳ ಇಲ್ಲದ ಕಡೆ ಆಮ್ಲಜನಕ ಒಸರಿ ತಲುಪುವ ದೂರ ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಅದರಾಚೆಯ ಕೋಶಗಳಲ್ಲಿ ಹಸಿವು ತಡೆಯುವ ಗಟ್ಟಿಗರು ಮಾತ್ರ ಉಳಿಯುತ್ತಾರೆ. ಮೃದ್ವಸ್ಥಿ ಕೋಶ ಅಂಥ ಗಟ್ಟಿಗ. ಮೇಲಿನ ರೋಮದ ಪದರ ಖಂಡಿತ ಅಲ್ಲ.

1990ರ ದಶಕದಲ್ಲಿ ಅಮೆರಿಕದ ವಕಾಂಟಿ ಸಹೋದರರು ಕರಗುವ ಹಂದರದ ಮೇಲೆ ಕರುವಿನ ಮೃದ್ವಸ್ಥಿ ಕೋಶಗಳನ್ನು ಬಿತ್ತಿ ಬೆಳೆಸಿದರು. ಇಲಿಯ ಬೆನ್ನ ಮೇಲೆ ಮನುಷ್ಯನ ಕಿವಿ ಮೂಡಿದಂಥ ಚಿತ್ರ ಜಗತ್ತೆಲ್ಲ ಸುತ್ತಿತಲ್ಲ, ಅದು ಇವರದೇ ಕೆಲಸ. ಅದು ಮನುಷ್ಯನ ಕಿವಿ ಆಗಿರಲಿಲ್ಲ. ಕಿವಿಯ ಆಕಾರದಲ್ಲಿ ಬೆಳೆದ ದನದ ಮೃದ್ವಸ್ಥಿ. ಅಂದರೆ ಮೃದ್ವಸ್ಥಿ ಬೆಳೆಸುವ ವಿದ್ಯೆಗೆ ಮೂವತ್ತು ವರ್ಷ ದಾಟಿತು. ಶ್ವಾಸನಾಳ ಇನ್ನೂ ಸಿಕ್ಕಿಲ್ಲ. ಬೆಳೆಸುವುದಕ್ಕಿಂತ ಬೆಳೆದದ್ದನ್ನು ಕತ್ತಿನೊಳಗೆ ಬದುಕಿಸುವುದು ದೊಡ್ಡ ಕೆಲಸ. ಈ ಸರಳ ಸತ್ಯವನ್ನು ಕಡೆಗಣಿಸಿದ ಒಬ್ಬ ಶಸ್ತ್ರವೈದ್ಯನ ಕಥೆ ಈಗ ಬರುತ್ತದೆ.

2008ರ ಜೂನ್‌ನಲ್ಲಿ ಬಾರ್ಸಿಲೋನಾದಲ್ಲಿ ಇಟಲಿ ಮೂಲದ ಶಸ್ತ್ರವೈದ್ಯ ಪಾವ್ಲೊ ಮಾಕ್ಯಾರೀನಿ, ಕ್ಷಯದಿಂದ ಎಡ ಶ್ವಾಸಕೋಶಕ್ಕೆ ಕವಲೊಡೆಯುವ ಶ್ವಾಸನಳಿಕೆ ಹಾಳಾಗಿದ್ದ ಮಹಿಳೆಯೊಬ್ಬಳಿಗೆ ಶಸ್ತ್ರಚಿಕಿತ್ಸೆ ಮಾಡಿದ. ಸತ್ತ ದಾನಿಯ ಶ್ವಾಸನಾಳವನ್ನು ಆರು ವಾರ ಕಾಲ ಮಾರ್ಜಕ, ಕಿಣ್ವಗಳಲ್ಲಿ 25 ಸಲ ತೊಳೆದು, ದಾನಿಯ ಜೀವಕೋಶವನ್ನೆಲ್ಲ ತೆಗೆದು, ಉಳಿದ ಕಾಲಜನ್ ಹಂದರದ ಮೇಲೆ ರೋಗಿಯದೇ ಕೋಶಗಳನ್ನು ಬಿತ್ತಿದ್ದರು. ನಾಲ್ಕು ದಿನ ತಿರುಗುವ ಯಂತ್ರದಲ್ಲಿ ಬೆಳೆಸಿ ಕೂರಿಸಿದರು. ಪರಕೀಯ ಕೋಶವೇ ಇಲ್ಲದ ಮೇಲೆ ದೇಹ ತಿರಸ್ಕರಿಸುವ ಭಯವಿಲ್ಲ, ಜೀವಮಾನವಿಡೀ ನುಂಗಬೇಕಾದ ಔಷಧಿಯೂ ಬೇಡ. 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿತು, ಜಗತ್ತು ಚಪ್ಪಾಳೆ ತಟ್ಟಿತು. ಕೂರಿಸಿದ ನಳಿಕೆ ಮುಂದೆ ಸಣ್ಣಗಾಗಿ, ದಾರಿ ತೆರೆದಿಡುವ ಸ್ಟೆಂಟ್ ಹಾಕಬೇಕಾಗಿ ಬಂದದ್ದು ಚಪ್ಪಾಳೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಹದಿನೈದು ವರ್ಷದ ಬಳಿಕ, 2023ರಲ್ಲಿ, ಅದೇ ಪತ್ರಿಕೆ ಆ ಬರಹವನ್ನು ಹಿಂತೆಗೆದುಕೊಂಡಿತು.

ಅಷ್ಟರಲ್ಲಿ ಮಾಕ್ಯಾರೀನಿ ಸ್ಟಾಕ್‌ಹೋಮ್‌ಗೆ, ವೈದ್ಯಕೀಯ ನೊಬೆಲ್ ಯಾರಿಗೆಂದು ತೀರ್ಮಾನಿಸುವ ಕರೋಲಿನ್‌ಸ್ಕಾ ಸಂಸ್ಥೆಗೆ ಬಂದಿದ್ದ. ದಾನಿಗಾಗಿ ಕಾಯುವುದೇಕೆ ಎಂದು ಹಂದರವನ್ನೇ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿದ. 2011ರ ಜೂನ್‌ನಲ್ಲಿ ಐಸ್‌ಲ್ಯಾಂಡಿನಲ್ಲಿ ಓದುತ್ತಿದ್ದ ಎರಿಟ್ರಿಯಾದ ವಿದ್ಯಾರ್ಥಿಯೊಬ್ಬನಿಗೆ, ಅವನ ಮಜ್ಜೆಯ ಕೋಶ ಲೇಪಿಸಿದ ಕೃತಕ ಶ್ವಾಸನಾಳ ಕೂರಿಸಲಾಯಿತು. ಇನ್ನೂ ಆರು ತಿಂಗಳು ತುಂಬಿಲ್ಲ, ಹೆಚ್ಚುಕಡಿಮೆ ಸಹಜ ಶ್ವಾಸನಾಳವೇ ಆಗಿಬಿಟ್ಟಿದೆ ಎಂಬ ವರದಿ ಪ್ರಕಟವಾಯಿತು. ಅವನು 2014ರ ಜನವರಿಯಲ್ಲಿ ತೀರಿಕೊಂಡ. ಕರೋಲಿನ್‌ಸ್ಕಾದಲ್ಲಿ ಇಂಥ ಶಸ್ತ್ರಚಿಕಿತ್ಸೆ ಆದ ಮೂವರೂ ಇಂದು ಬದುಕಿಲ್ಲ. ಮೂರನೆಯವಳು ಟರ್ಕಿಯ ಇಪ್ಪತ್ತೆರಡರ ಹುಡುಗಿ. ಆಸ್ಪತ್ರೆಯಲ್ಲೇ ವರ್ಷಗಟ್ಟಲೆ ಬಿದ್ದಿದ್ದಳು. ಕೆಲವು ಗಂಟೆಗೊಮ್ಮೆ ಅವಳ ಉಸಿರಿನ ದಾರಿಯಿಂದ ಕಸ ತೆಗೆಯಬೇಕಾಗುತ್ತಿತ್ತು. 2017ರಲ್ಲಿ ಸತ್ತಳು.

ಈ ವರದಿಗಳ ಸುಳ್ಳನ್ನು ಹೊರಗೆ ತಂದವರು ಕರೋಲಿನ್‌ಸ್ಕಾ ಆಸ್ಪತ್ರೆಯ ನಾಲ್ವರು ವೈದ್ಯರು. ರೋಗಿಗಳ ಕೇಸ್ ಶೀಟುಗಳನ್ನು ಪ್ರಕಟಿತ ಬರಹಗಳ ಪಕ್ಕ ಇಟ್ಟು ನೋಡಿದಾಗ ಎರಡಕ್ಕೂ ತಾಳೆ ಇರಲಿಲ್ಲ. 2014ರಲ್ಲಿ ದೂರು ಕೊಟ್ಟರು. ಸಂಸ್ಥೆ ಮೊದಲು ಮಾಕ್ಯಾರೀನಿಯ ಬೆನ್ನಿಗೇ ನಿಂತಿತು. 2016ರ ಜನವರಿಯಲ್ಲಿ ಸ್ವೀಡನ್ ದೂರದರ್ಶನದಲ್ಲಿ ಬೋಸ್ಸೆ ಲಿಂಡ್‌ಕ್ವಿಸ್ಟ್ ಅವರ ಸಾಕ್ಷ್ಯಚಿತ್ರ ಬಂದ ಮೇಲೆ ಮುಚ್ಚಿಡಲಾಗಲಿಲ್ಲ. ಕುಲಪತಿ ರಾಜೀನಾಮೆ ಕೊಟ್ಟರು, ಮಾಕ್ಯಾರೀನಿಯನ್ನು ವಜಾ ಮಾಡಿದರು. 2023ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅವನಿಗೆ ಎರಡೂವರೆ ವರ್ಷ ಜೈಲು ಶಿಕ್ಷೆ ವಿಧಿಸಿತು.

ಈ ಹಗರಣವನ್ನು ಒಬ್ಬ ಮೋಸಗಾರನ ಕಥೆಯೆಂದು ಓದಿ ಪಕ್ಕಕ್ಕಿಡುವವರೇ ಹೆಚ್ಚು. ನನಗೆ ಅದರಲ್ಲಿ ಕಾಣುವ ದೊಡ್ಡ ಕೊರತೆ ಬೇರೆ. ಆ ಪ್ಲಾಸ್ಟಿಕ್ ಶ್ವಾಸನಾಳವನ್ನು ಮನುಷ್ಯನಿಗೆ ಹಾಕುವ ಮುನ್ನ ದೊಡ್ಡ ಪ್ರಾಣಿಗಳಲ್ಲಿ ಹಾಕಿ, ಕಾದು, ನೋಡಿರಲೇ ಇಲ್ಲ. ನೈತಿಕ ಸಮಿತಿಯ ಒಪ್ಪಿಗೆಯೂ ಇರಲಿಲ್ಲ. ಸಾಯುವವನಿಗೆ ಕೊಟ್ಟ ಕೊನೆಯ ಅವಕಾಶ ಎಂಬ ಸಮಜಾಯಿಷಿ ಇತ್ತು. ಕುರಿಯನ್ನು ಕೇಳಿ ಮಸಾಲೆ ಅರೆಯುತ್ತಾರಾ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕೇಳಲೇಬೇಕಿತ್ತು. ಹತ್ತು ಕುರಿಗಳಿಗೆ ಅದನ್ನು ಹಾಕಿ ಒಂದು ವರ್ಷ ಕಾದಿದ್ದರೆ, ಲೋಳೆ ಮಡುಗಟ್ಟುವುದೂ ಹೊಲಿಗೆ ಬಿಚ್ಚುವುದೂ ಒಳಪದರ ಮೂಡದಿರುವುದೂ ಕೊಟ್ಟಿಗೆಯಲ್ಲೇ ಕಾಣುತ್ತಿತ್ತು.

ಕುರಿಯನ್ನು ಕೇಳಿದವರೂ ಇದ್ದಾರೆ. ಪ್ಯಾರಿಸ್ ಹೊರವಲಯದ ಬೋಬಿನ್ಯಿಯ ಎಮ್ಯಾನ್ಯುಯೆಲ್ ಮಾರ್ಟಿನೋ, ಮಹಾಪಧಮನಿಯ ತುಂಡನ್ನು ಸ್ಟೆಂಟಿನ ಆಸರೆಯಲ್ಲಿ ಕುರಿಗಳ ಶ್ವಾಸನಾಳದ ಜಾಗದಲ್ಲಿ ಕೂರಿಸಿ ವರ್ಷಗಟ್ಟಲೆ ನೋಡಿದರು. ರಕ್ತನಾಳದ ಆ ತುಂಡಿನಲ್ಲಿ ನಿಧಾನಕ್ಕೆ ಹೊಸ ಮೃದ್ವಸ್ಥಿ ಮೂಡಿತು! ಹೊರಗಿನಿಂದ ಯಾವ ಕೋಶವನ್ನೂ ಬಿತ್ತಿರಲಿಲ್ಲ. ರೋಗಿಯ ದೇಹವನ್ನೇ ಬೆಳೆಸುವ ಯಂತ್ರವನ್ನಾಗಿ ಬಳಸಿಕೊಂಡ ಹಾಗಾಯಿತು. ಆಮೇಲಷ್ಟೇ ಮನುಷ್ಯರ ಸರದಿ. 2018ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ 13 ಜನಕ್ಕೆ ಶೈತ್ಯದಲ್ಲಿಟ್ಟ ದಾನಿಯ ಮಹಾಪಧಮನಿ ಹಾಕಿದ್ದರು. ಸರಾಸರಿ ನಾಲ್ಕು ವರ್ಷದ ಹೊತ್ತಿಗೆ 10 ಜನ ಬದುಕಿದ್ದರು, ಅವರಲ್ಲಿ 8 ಜನ ಸ್ಟೆಂಟ್ ತೆಗೆದ ಮೇಲೂ ಸರಾಗವಾಗಿ ಉಸಿರಾಡುತ್ತಿದ್ದರು. ಬೆಲ್ಜಿಯಂನ ಪಿಯೆರ್ ಡೆಲಾರ್ ಇನ್ನೊಂದು ಬಗೆಯ ತಾಳ್ಮೆಯವರು. ಮೊಲಗಳ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿ, ದಾನಿಯ ಶ್ವಾಸನಾಳವನ್ನು ಮೊದಲು ರೋಗಿಯ ಮುಂಗೈ ಚರ್ಮದಡಿ ಸುತ್ತಿಟ್ಟು, ಅಲ್ಲಿ ರಕ್ತನಾಳ ಹಬ್ಬಿದ ಮೇಲೆ ಕತ್ತಿಗೆ ಸಾಗಿಸಿದರು. ಮಾಕ್ಯಾರೀನಿಯ ಕೆಲಸ ಜೀವಶಾಸ್ತ್ರಕ್ಕೆ ಒಗ್ಗದು ಎಂದು ಮೊದಲೇ ಬಾಯಿಬಿಟ್ಟು ಹೇಳಿದವರೂ ಇವರೇ.

ಉಳಿದ ಸುದ್ದಿಗಳನ್ನು ಚುಟುಕಾಗಿ ಹೇಳುತ್ತೇನೆ. 2021ರ ಜನವರಿಯಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ಎರಿಕ್ ಗೆಂಡನ್ ತಂಡ, ರಕ್ತನಾಳಗಳ ಸಮೇತ ದಾನಿಯ ಶ್ವಾಸನಾಳವನ್ನು ಮಹಿಳೆಯೊಬ್ಬಳಿಗೆ ಜೋಡಿಸಿತು. ಆಕೆಯ ಶ್ವಾಸನಾಳ ಹಾಳಾಗಿದ್ದೂ ತೀವ್ರ ಅಸ್ತಮಾಕ್ಕೆ ಕೊಳವೆ ಹಾಕಿದ್ದರಿಂದಲೇ. 2012ರಲ್ಲಿ ಮಿಶಿಗನ್ನಿನಲ್ಲಿ ಶ್ವಾಸನಳಿಕೆ ಕುಸಿಯುತ್ತಿದ್ದ ಹಸುಗೂಸಿಗೆ, ಹೊರಗಿನಿಂದ ಆಸರೆ ಕೊಡುವ, ಮೂರು ವರ್ಷದಲ್ಲಿ ಕರಗುವ ಕವಚವನ್ನು ಮೂರು ಆಯಾಮದ ಮುದ್ರಣದಲ್ಲಿ ಮಾಡಿ ಹಾಕಿದರು. 2023ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ, ಥೈರಾಯ್ಡ್ ಕ್ಯಾನ್ಸರಿನಿಂದ ಶ್ವಾಸನಾಳದ ಒಂದು ಭಾಗ ಕಳೆದುಕೊಂಡ ಮಹಿಳೆಗೆ ಕೋಶಸಮೇತ ಮುದ್ರಿಸಿದ ತೇಪೆ ಹಾಕಿದರು. ಕೋಶಗಳು ಬಂದದ್ದು ಬೇರೆ ರೋಗಿಗಳ ಮೂಗಿನ ಶಸ್ತ್ರಚಿಕಿತ್ಸೆಯಲ್ಲಿ ಬಿಸಾಡುವ ಅಂಗಾಂಶದಿಂದ. ಇವುಗಳಲ್ಲಿ ಯಾವುದೂ ಇನ್ನೂ ವಾಡಿಕೆಯ ಚಿಕಿತ್ಸೆಯಲ್ಲ. ಕೊರಿಯಾದಲ್ಲೇ ರೇಷ್ಮೆಯ ಫೈಬ್ರಾಯಿನ್ ಪ್ರೋಟೀನಿನಿಂದ ಹಂದರ ಮುದ್ರಿಸಿ ಮೊಲಗಳ ಶ್ವಾಸನಾಳದಲ್ಲಿ ನೋಡಿದ್ದಾರೆ. ದೇಶದಲ್ಲೇ ಅತಿ ಹೆಚ್ಚು ರೇಷ್ಮೆ ತೆಗೆಯುವ ರಾಜ್ಯ ನಮ್ಮದು. 

ಇದರಲ್ಲಿ ಬೀದರ್‌ಗೆ ಏನು ಸಂಬಂಧ? ನನ್ನ ಮಟ್ಟಿಗೆ ಬಹಳ ಇದೆ. ಕರ್ನಾಟಕದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ಇದೇ ಊರಿನ ನಂದಿನಗರದಲ್ಲಿ. ಮಂಜ್ರಾ ದಂಡೆಯ ದೇವಣಿ ದನ, ಮರಾಠವಾಡದಿಂದ ಇತ್ತ ಹಬ್ಬಿರುವ ಉಸ್ಮಾನಾಬಾದಿ ಮೇಕೆ, ಡೆಕ್ಕನಿ ಕುರಿ, ಇವುಗಳ ದೇಹವನ್ನು ಅಂಗೈರೇಖೆಯಷ್ಟು ಬಲ್ಲ ಪಶುವೈದ್ಯರು ಅಲ್ಲಿದ್ದಾರೆ. ಅದೇ ಊರಿನಲ್ಲಿ ಮನುಷ್ಯರ ವೈದ್ಯಕೀಯ ಕಾಲೇಜೂ ಇದೆ, ಎಲ್ಲರ ಬಾಯಲ್ಲಿ ಬ್ರಿಮ್ಸ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಗಾಂಶದ ಹಂದರಗಳ ಮೇಲೆ ಕೆಲಸ ಮಾಡುವ ಪ್ರಯೋಗಾಲಯಗಳಿವೆ. ತಿರುವನಂತಪುರದ ಶ್ರೀ ಚಿತ್ರ ತಿರುನಾಳ್ ಸಂಸ್ಥೆ, ಹಂದಿಯ ಪಿತ್ತಕೋಶದಿಂದ ಜೀವಕೋಶ ತೊಳೆದು ಗಾಯಕ್ಕೆ ಹೊದಿಸುವ ಹಾಳೆ ತಯಾರಿಸಿ ಸರ್ಕಾರದ ಅನುಮತಿಯನ್ನೂ ಪಡೆದಿದೆ. ಪ್ರಾಣಿಯ ಅಂಗಾಂಶವನ್ನು ತೊಳೆದು ಹಂದರ ಮಾಡುವ ವಿದ್ಯೆ ಈ ದೇಶಕ್ಕೆ ದಕ್ಕಿದೆ. ಮೊಣಕಾಲಿನ ಮೃದ್ವಸ್ಥಿಗೆ ರೋಗಿಯದೇ ಕೋಶ ಬೆಳೆಸಿ ಹಾಕುವ ಚಿಕಿತ್ಸೆಗೂ 2017ರಲ್ಲಿ ಅನುಮತಿ ಸಿಕ್ಕಿದೆ. ಹಂದರ ಮಾಡುವವರು ಇದ್ದಾರೆ, ಕೋಶ ಬೆಳೆಸುವವರು ಇದ್ದಾರೆ. ಮೇಕೆಯ ಕತ್ತಿನಲ್ಲಿ ಅದನ್ನು ಕೂರಿಸಿ, ಅದು ಮೇಯುವುದನ್ನು, ಕೆಮ್ಮುವುದನ್ನು ಎರಡು ವರ್ಷ ಗಮನಿಸಿ, ತಿಂಗಳಿಗೊಮ್ಮೆ ಒಳಗೆ ಕ್ಯಾಮೆರಾ ಇಳಿಸಿ ನೋಡಿ ಬರೆದಿಡುವ ಕೆಲಸಕ್ಕೆ ಪತ್ರಿಕೆಗಳಲ್ಲಿ ಚಪ್ಪಾಳೆ ಸಿಗುವುದಿಲ್ಲ. ಸ್ಟಾಕ್‌ಹೋಮ್ ಹಾರಿದ ಮೆಟ್ಟಿಲು ಅದೇ.

ಕುರಿ ಮೇಕೆಯನ್ನು ಕೇಳಿದರೂ ಉತ್ತರ ಪೂರ್ತಿ ನಮ್ಮದಾಗುವುದಿಲ್ಲ ಎಂಬುದನ್ನು ಹೇಳಿಬಿಡಬೇಕು. ಅವುಗಳ ಶ್ವಾಸನಾಳದ ಅಗಲ ನಮ್ಮದಕ್ಕೆ ಹತ್ತಿರವಾದರೂ ಕತ್ತು ಉದ್ದ, ಉಂಗುರಗಳು ಹೆಚ್ಚು. ಮೇಯುವಾಗ ತಲೆ ಕೆಳಗಿರುತ್ತದೆ. ಪ್ರಾಣಿ ಪ್ರಯೋಗ ಬೇಕಾಬಿಟ್ಟಿ ನಡೆಯಬಾರದು, ಅದಕ್ಕೆ ನಿಯಮವೂ ಸಮಿತಿಯೂ ಇವೆ. ಹಾಗಿದ್ದರೂ ಮೇಕೆಯಲ್ಲಿ ಸೋತದ್ದು ಮನುಷ್ಯನಲ್ಲಿ ಗೆದ್ದೀತೆಂದು ಹೊರಡುವವನ ಮುಂದೆ ಇಡಲು ಅಷ್ಟಾದರೂ ಸಾಕ್ಷಿ ಬೇಕು.

ಇದು ಮುಂದಿನ ಹತ್ತಿಪ್ಪತ್ತು ವರ್ಷದ ಮಾತು. ಇವತ್ತು ರಾತ್ರಿ ಬೀದರ್‌ನಲ್ಲಿ, ಭಾಲ್ಕಿಯಲ್ಲಿ, ಹೈದರಾಬಾದಿಗೆ ಓಡುವ ಆಂಬುಲೆನ್ಸಿನಲ್ಲಿ ಗಂಟಲಿಗೆ ಕೊಳವೆ ಹಾಕಿಸಿಕೊಂಡ ರೋಗಿಗೆ ಬೇಕಾದದ್ದು ಬಲೂನಿನ ಒತ್ತಡ ಅಳೆಯುವ ಒಂದು ಪುಟ್ಟ ಮೀಟರ್. ವೆಂಟಿಲೇಟರಿನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ಬೆರಳಲ್ಲಿ ಒತ್ತಿ ನೋಡಿ ಅಂದಾಜು ಮಾಡುವ ರೂಢಿ ಎಷ್ಟೋ ಕಡೆ ಇದೆ. ಬೆರಳಿಗೆ 25 ಮತ್ತು 50ರ ವ್ಯತ್ಯಾಸ ತಿಳಿಯುವುದಿಲ್ಲ. ಪ್ರತಿ ಪಾಳಿಯಲ್ಲೂ ನರ್ಸ್ ಒಮ್ಮೆ ಅಳೆದು ಚಾರ್ಟಿನಲ್ಲಿ ಬರೆದರೆ, ಶ್ವಾಸನಾಳ ಬೆಳೆಸಬೇಕಾದ ರೋಗಿಗಳಲ್ಲಿ ದೊಡ್ಡ ಪಾಲು ಹುಟ್ಟುವುದೇ ಇಲ್ಲ. ಜಿಲ್ಲಾ ಆರೋಗ್ಯ ಇಲಾಖೆ ಪ್ರತಿ ವೆಂಟಿಲೇಟರಿನ ಜೊತೆಗೆ ಈ ಮೀಟರನ್ನೂ ಕಡ್ಡಾಯ ಮಾಡಲಿ. ಬಿಡುಗಡೆ ಚೀಟಿಯಲ್ಲಿ ಎಷ್ಟು ದಿನ ಕೊಳವೆ ಇತ್ತೆಂದು ಎದ್ದು ಕಾಣುವಂತೆ ಬರೆಯಲಿ.

ಓದುಗರಿಗೆ ಎರಡು ಮಾತು. ಮನೆಯಲ್ಲಿ ಯಾರಾದರೂ ವೆಂಟಿಲೇಟರ್ ಮೇಲಿದ್ದು ಬಂದಿದ್ದರೆ, ಮುಂದಿನ ಕೆಲವು ತಿಂಗಳಲ್ಲಿ ದಮ್ಮು, ಸಿಳ್ಳು, ದನಿಯಲ್ಲಿ ಬದಲಾವಣೆ ಕಂಡರೆ, ಆ ಚೀಟಿಯನ್ನು ಡಾಕ್ಟರ ಮುಂದಿಟ್ಟು ಕೊಳವೆ ಹಾಕಿದ್ದರು ಎಂದು ಬಾಯಿಬಿಟ್ಟು ಹೇಳಿ. ಪಂಪಿಗೆ ಕಡಿಮೆಯಾಗದಿದ್ದರೆ ಕತ್ತಿನ ಸಿ.ಟಿ. ಸ್ಕ್ಯಾನ್, ಬ್ರಾಂಕೋಸ್ಕೋಪಿ ಬೇಕೇ ಎಂದು ಕೇಳಿ. ಬೇಗ ಕಂಡುಹಿಡಿದರೆ ಕತ್ತರಿಸಿ ಜೋಡಿಸುವ ಶಸ್ತ್ರಚಿಕಿತ್ಸೆಯಲ್ಲೇ ಮುಗಿಯುವ ಸಾಧ್ಯತೆ ಹೆಚ್ಚು. ಕಾಂಡಕೋಶದಿಂದ ಶ್ವಾಸನಾಳ ಸರಿಮಾಡುತ್ತೇವೆ, ಇಷ್ಟು ಲಕ್ಷ ತನ್ನಿ ಎಂದು ಯಾವ ಊರಿನ ಯಾವ ಕ್ಲಿನಿಕ್ ಹೇಳಿದರೂ ಹೊಲ ಮಾರಬೇಡಿ. ಅಂಥ ಚಿಕಿತ್ಸೆಗೆ ಭಾರತದಲ್ಲಿ ಅನುಮತಿ ಇಲ್ಲ. ಪ್ರಯೋಗವಾದರೆ ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯ ಸಂಖ್ಯೆ ಇರಲೇಬೇಕು, ಅದನ್ನು ಯಾರು ಬೇಕಾದರೂ ಪುಕ್ಕಟೆ ಹುಡುಕಿ ನೋಡಬಹುದು. ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ದುಡ್ಡು ಕೇಳುವಂತಿಲ್ಲ.